8 ಕಳುಹಿಸಿದರೆ ಚುಕ್ಕೆ ಮಾತ್ರ ಬೆಳಗುತ್ತಿದೆಯೇ?

ನಿಮ್ಮ ಏಳು ಗೆರೆಗಳ (ಸೆವೆನ್ ಸೆಗ್ಮೆಂಟ್) ಡಿಸ್‌ಪ್ಲೇಗೆ 8 ಕಳುಹಿಸಿದರೆ ಚುಕ್ಕೆಯೊಂದೇ ಬೆಳಗುತ್ತದೆ, 1 ಕಳುಹಿಸಿದರೆ ಬಲಬದಿಯ ಎರಡು ಗೆರೆ ಬಿಟ್ಟು ಉಳಿದೆಲ್ಲವೂ ಹೊತ್ತಿಕೊಳ್ಳುತ್ತವೆ ಎಂದಿದ್ದೀರಿ. ವೈರಿಂಗ್ ಸರಿಯಾಗಿಯೇ ಇದೆ, ಬಿಚ್ಚಬೇಡಿ. ಯಾವ ಅಂಕಿಗೆ ಯಾವ ಗೆರೆ ಬೆಳಗಬೇಕೆಂದು ಹೇಳುವ ನಿಮ್ಮ ಕೋಷ್ಟಕ ಕಾಮನ್ ಕ್ಯಾಥೋಡ್‌ನದು (ಗೆರೆಗಳ ಋಣ ತುದಿಗಳು ಒಂದಾಗಿರುವ, ಬಿಟ್ 1 ಆದಾಗ ಬೆಳಗುವ ಬಗೆ), ಡಿಸ್‌ಪ್ಲೇ ಕಾಮನ್ ಆನೋಡ್ (ಧನ ತುದಿಗಳು ಒಂದಾಗಿರುವ ಬಗೆ). ಅದರಲ್ಲಿ ಬಿಟ್ ಸೊನ್ನೆಯಾದಾಗ ಗೆರೆ ಬೆಳಗುತ್ತದೆ. ಕೋಷ್ಟಕವನ್ನು ಹಾಗೆಯೇ ಬಿಟ್ಟು, ಪೋರ್ಟಿಗೆ (ಡಿಸ್‌ಪ್ಲೇಗೆ ಜೋಡಿಸಿದ ಪಿನ್‌ಗಳಿಗೆ) ಬರೆಯುವ ಸಾಲಿನಲ್ಲಿ ಮಾತ್ರ ಎಲ್ಲ ಬಿಟ್‌ಗಳನ್ನು ವಿಲೋಮಗೊಳಿಸಿ, ಅಂದರೆ 0 ಇದ್ದಲ್ಲಿ 1, 1 ಇದ್ದಲ್ಲಿ 0 ಮಾಡಿ. ನಾಳೆ ಡಿಸ್‌ಪ್ಲೇ ಬದಲಾದರೂ ಆ ಒಂದು ಸಾಲನ್ನು ತಿದ್ದಿದರೆ ಸಾಕು.

ಅಕ್ಷರಗಳ ವಿಷಯಕ್ಕೆ ಬಂದರೆ, ದೊಡ್ಡ ಬಿ 8ರಂತೆ, ದೊಡ್ಡ ಡಿ ಸೊನ್ನೆಯಂತೆ ಕಾಣುತ್ತವೆ. ಅವುಗಳ ಸಣ್ಣ ರೂಪಗಳನ್ನೇ ಬಳಸಿ: ಕೋಷ್ಟಕದಲ್ಲಿ ಬಿ 124, ಡಿ 94 (ಮೇಲಿನ ಎ ಗೆರೆ ಬಿಟ್ 0, ನಡುವಿನ ಜಿ ಗೆರೆ ಬಿಟ್ 6). ಆಗ 6ಕ್ಕೆ ಮೇಲಿನ ಗೆರೆ ಕಡ್ಡಾಯ, ಅಂದರೆ 125. ಇಲ್ಲವಾದರೆ ಅದೂ ಬಿ ಆಗಿಬಿಡುತ್ತದೆ. ಎಂ, ಡಬ್ಲ್ಯೂ, ಎಕ್ಸ್ ಬೇಕೇ ಬೇಕೆಂದರೆ 14 ಗೆರೆಗಳ ಡಿಸ್‌ಪ್ಲೇ ತೆಗೆದುಕೊಳ್ಳಿ.