ನನ್ನ ರಕ್ತದಲ್ಲಿ ಹೆಂಗಸರ ಹಾರ್ಮೋನು ಯಾಕೆ?

ಪ್ರಶ್ನೆ: ನನಗೆ 34 ವರ್ಷ, ತೂಕ 96 ಕಿಲೋ. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿಲ್ಲ. ಹೆಂಡತಿಯ ಪರೀಕ್ಷೆಗಳೆಲ್ಲ ಸರಿ ಇವೆ. ನನ್ನ ವೀರ್ಯ ಪರೀಕ್ಷೆಯಲ್ಲಿ ಮಿಲಿಲೀಟರಿಗೆ 90 ಲಕ್ಷ ವೀರ್ಯಾಣು ಅಂತ ಬಂದಿದೆ. ರಕ್ತದಲ್ಲಿ ಎಸ್ಟ್ರಡಯಾಲ್ 58. ಇದು ಹೆಂಗಸರ ಹಾರ್ಮೋನಲ್ಲವೇ? ಅದನ್ನು ಪೂರ್ತಿ ಇಳಿಸುತ್ತೆ ಅಂತ ಜಿಮ್ಮಿನ ಗೆಳೆಯ ಒಂದು ಮಾತ್ರೆ ಕೊಟ್ಟಿದ್ದಾನೆ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ನೂ ತಗೋ ಅನ್ನುತ್ತಾನೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮಾತ್ರೆಯನ್ನು ಇನ್ನೂ ನುಂಗಿಲ್ಲ ಅಂದುಕೊಳ್ಳುತ್ತೇನೆ. ಸದ್ಯಕ್ಕೆ ಅದು ಬೀರುವಿನಲ್ಲೇ ಇರಲಿ.

ನಮ್ಮಪ್ಪ ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಬೀಜದ ಕುದುರೆಗಳ ಗತ್ತು ನೋಡಿ ಬೆಳೆದವನು ನಾನು. ಮೆಡಿಕಲ್ ಓದುವಾಗ ಒಂದು ವಿಷಯ ತಿಳಿದು ನಗು ಬಂದಿತ್ತು: ಗಂಡು ಕುದುರೆಯ ಮೂತ್ರದಲ್ಲಿ ಈಸ್ಟ್ರೋಜೆನ್ (ನಿಮ್ಮ ಎಸ್ಟ್ರಡಯಾಲ್ ಸೇರಿದ ಹಾರ್ಮೋನು ಗುಂಪು) ರಾಶಿ ರಾಶಿ ಇರುತ್ತದಂತೆ! ಬರ್ನ್‌ಹಾರ್ಡ್ ಝೊಂಡೆಕ್ ಎಂಬ ವಿಜ್ಞಾನಿ 1934ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅದು ತಯಾರಾಗುವುದು ಕುದುರೆಯ ವೃಷಣದಲ್ಲೇ. ಅಂಥ ಕುದುರೆಗೆ ಇಲ್ಲದ ನಾಚಿಕೆ ನಿಮಗೇಕೆ?

ನಿಮ್ಮ ವೃಷಣವೂ ಮಾಡುವುದು ಅದನ್ನೇ. ಅರೋಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟೆರಾನಿನ ಒಂದು ಪಾಲನ್ನು ಎಸ್ಟ್ರಡಯಾಲ್ ಆಗಿ ಬದಲಿಸುತ್ತದೆ. ಅದಕ್ಕೆ ಅಲ್ಲಿ ಕೆಲಸವಿದೆ. ವೃಷಣದಲ್ಲಿ ಹುಟ್ಟಿದ ವೀರ್ಯಾಣುಗಳು ತುಂಬಾ ನೀರಿನ ಜೊತೆ ತೇಲಿಕೊಂಡು ಹೊರಡುತ್ತವೆ. ದಾರಿಯಲ್ಲಿರುವ ಸಣ್ಣ ನಾಳಗಳು ಆ ನೀರಿನ ಬಹುಪಾಲನ್ನು ಹೀರಿಬಿಡುತ್ತವೆ, ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಬಸಿದ ಹಾಗೆ. ಹೀರು ಎಂದು ಅಪ್ಪಣೆ ಕೊಡುವುದು ಈಸ್ಟ್ರೋಜೆನ್. ಅದರ ಗ್ರಾಹಕವೇ (ಆ ಅಪ್ಪಣೆ ಕೇಳಿಸಿಕೊಳ್ಳುವ ಜೀವಕೋಶದ ಕಿವಿ ಅನ್ನಿ) ಇಲ್ಲದಂತೆ ಮಾಡಿದ ಇಲಿಗಳಲ್ಲಿ ನೀರು ಹಿಂದಕ್ಕೆ ಒತ್ತಿ, ವೃಷಣ ಮೊದಲು ಊದಿ ಆಮೇಲೆ ಸೊರಗಿತು. ವೀರ್ಯಾಣುಗಳಿದ್ದ ದ್ರವ ನೀರು ನೀರಾಯಿತು, ಇಲಿಗಳು ಬಂಜೆಯಾದವು. 1997ರಲ್ಲಿ ಇದು ಪ್ರಕಟವಾದ ಮೇಲೆಯೇ ನಮ್ಮಂಥ ವೈದ್ಯರು 'ಹೆಂಗಸರ ಹಾರ್ಮೋನು' ಎನ್ನಲು ಹಿಂದೆಮುಂದೆ ನೋಡತೊಡಗಿದ್ದು. 1994ರಲ್ಲಿ ವರದಿಯಾದ ಒಬ್ಬ ಯುವಕನಲ್ಲೂ ಈ ಗ್ರಾಹಕ ಕೆಲಸ ಮಾಡುತ್ತಿರಲಿಲ್ಲ. ವಯಸ್ಸು 28 ಆಗಿದ್ದರೂ ಅವನು ಇನ್ನೂ ಎತ್ತರ ಬೆಳೆಯುತ್ತಲೇ ಇದ್ದ, ಮೂಳೆಗಳು ಮಾತ್ರ ಮುದುಕರದಷ್ಟು ಟೊಳ್ಳು. 'ಪೂರ್ತಿ ಇಳಿಸುವ' ಮಾತ್ರೆಗೆ ನನ್ನ ಭಯ ಇದೇ.

ಹಾಗಂತ 58 ಸರಿಯಾದ ಅಂಕಿ ಅಂತಲ್ಲ. ಹೆಚ್ಚಿನ ಲ್ಯಾಬುಗಳಲ್ಲಿ ಗಂಡಸರ ಮೇಲ್ಮಿತಿ ಮಿಲಿಲೀಟರಿಗೆ 40 ಪಿಕೋಗ್ರಾಂ ಆಸುಪಾಸು. ಅರೋಮಟೇಸ್ ಕೊಬ್ಬಿನಲ್ಲೂ ಇರುತ್ತದೆ. ನಿಮ್ಮ 96 ಕಿಲೋದ ಕಡೆಗೇ ನನ್ನ ಅನುಮಾನ. ಎಸ್ಟ್ರಡಯಾಲ್ ಏರಿದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ 'ಸಾಕು' ಎಂದುಕೊಂಡು ವೃಷಣಕ್ಕೆ ಕಳಿಸುವ ಸಂದೇಶ ಇಳಿಸುತ್ತದೆ, ವೀರ್ಯಾಣು ತಗ್ಗುತ್ತದೆ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಇದಕ್ಕಿಂತ ಕೆಟ್ಟದ್ದು. ಹೊರಗಿನಿಂದ ಬಂತಲ್ಲ ಎಂದು ಒಳಗಿನ ಕಾರ್ಖಾನೆಯೇ ಬಾಗಿಲು ಹಾಕಿಬಿಡಬಹುದು. ಮಕ್ಕಳು ಬೇಕೆನ್ನುವವರು ಅದನ್ನು ಮುಟ್ಟಲೇಬಾರದು.

ವೀರ್ಯ ಪರೀಕ್ಷೆ ಇನ್ನೊಮ್ಮೆ ಆಗಲಿ, ಒಂದೇ ವರದಿ ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕೆಳಮಿತಿ 1 ಕೋಟಿ 60 ಲಕ್ಷ. ನಿಮ್ಮದು ಕಡಿಮೆ, ಆದರೆ ಸೊನ್ನೆಯಲ್ಲ. ಬೆಳಗಿನ ಹೊತ್ತು ರಕ್ತದಲ್ಲಿ ಟೆಸ್ಟೋಸ್ಟೆರಾನ್, ಎಫ್‌ಎಸ್‌ಎಚ್, ಎಲ್‌ಎಚ್ (ಪಿಟ್ಯುಟರಿ ಕಳಿಸುವ ಸಂದೇಶಗಳು ಇವೇ ಎರಡು) ನೋಡಿಸಿ. ವೃಷಣದ ರಕ್ತನಾಳ ಊದಿದೆಯೇ ಎಂದು ಯೂರಾಲಜಿಸ್ಟ್ ಕೈಯಲ್ಲಿ ಪರೀಕ್ಷಿಸಿಕೊಳ್ಳಿ. ಅರೋಮಟೇಸ್ ತಡೆಯುವ ಮಾತ್ರೆಯನ್ನು ಕೆಲವರಿಗೆ ನಾವೂ ಬರೆಯುತ್ತೇವೆ, ಅಳೆದು ತೂಗಿ, ಆಗಾಗ ರಕ್ತ ನೋಡುತ್ತಾ. ತೂಕ ಇಳಿಸುವುದು ಮಾತ್ರ ಇವತ್ತೇ ಶುರುವಾಗಲಿ (ಬೆಣ್ಣೆ ದೋಸೆ ಪೂರ್ತಿ ಬಿಡಿ ಎಂದು ದಾವಣಗೆರೆಯವರಿಗೆ ಹೇಳುವ ಧೈರ್ಯ ನನಗಿಲ್ಲ, ತಿಂಗಳಿಗೊಮ್ಮೆ ತಿನ್ನಿ). ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಆದ್ದರಿಂದ ಮೂರು ತಿಂಗಳಿಗೆ ಮುಂಚೆ ಫಲ ಹುಡುಕಬೇಡಿ.

ಗೆಳೆಯನೂ ಆ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಿದ್ದರೆ, ಅವನಿಗೂ ಮಕ್ಕಳು ಬೇಕಿದ್ದರೆ, ಡಾಕ್ಟರ ಬಳಿ ಹೋಗುವಾಗ ಅವನನ್ನೂ ಎಳೆದುಕೊಂಡು ಹೋಗಿ.