ಬಂಡೆ ಹತ್ತುವ ಆಸೆ, ಹಗ್ಗ ಬಿಡುವ ಹಠ

ಪ್ರಶ್ನೆ: ನನಗೆ 29 ವರ್ಷ, ಬನಶಂಕರಿಯಲ್ಲಿ ವಾಸ. ವಾರಾಂತ್ಯಗಳಲ್ಲಿ ರಾಮನಗರದ ಬಂಡೆಗಳನ್ನು ಹತ್ತುತ್ತೇನೆ. ಕೆಲವೊಮ್ಮೆ ಒಬ್ಬನೇ, ಹಗ್ಗವಿಲ್ಲದೆ. ಕಳೆದ ತಿಂಗಳು ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಮನೆಯಲ್ಲಿ ಐದು ತಿಂಗಳ ಮಗುವಿದೆ. ‘ನಿಮಗೆ ನಮ್ಮ ಮೇಲೆ ಪ್ರೀತಿಯಿಲ್ಲ’ ಎಂದು ಹೆಂಡತಿ ಅಳುತ್ತಾಳೆ. ನನ್ನ ಸ್ವಭಾವದಲ್ಲೇ ದೋಷವಿದೆಯೇ?

ಉತ್ತರ: ಎತ್ತರ, ವೇಗ, ಹೊಸತನಗಳತ್ತ ಮನಸ್ಸು ಸೆಳೆಯುವುದು ರೋಗವಲ್ಲ. ಅಮೆರಿಕದ ಮನೋವಿಜ್ಞಾನಿ ಮಾರ್ವಿನ್ ಜುಕರ್‌ಮನ್ ಈ ಸ್ವಭಾವವನ್ನು ಅಳೆಯುವ ಪ್ರಶ್ನಾವಳಿಯನ್ನು 1964ರಲ್ಲೇ ಪ್ರಕಟಿಸಿದ್ದರು. ಅದರ ನಾಲ್ಕು ಮುಖಗಳನ್ನು ಅವರು ಗುರುತಿಸಿದರು: ಸಾಹಸದ ಹಂಬಲ, ಹೊಸ ಅನುಭವಗಳ ಹುಡುಕಾಟ, ಕಟ್ಟುಪಾಡು ಸಡಿಲಿಸುವ ಪ್ರವೃತ್ತಿ ಮತ್ತು ಬೇಗನೆ ಬೇಸರಗೊಳ್ಳುವಿಕೆ. ಇದರಲ್ಲಿ ಅನುವಂಶೀಯತೆಯ ಪಾಲೂ ದೊಡ್ಡದು. ಆದರೆ ಅವರ ವಿವರಣೆಯಲ್ಲಿ ನಿಮಗೆ ಮುಖ್ಯವಾದ ಮಾತು ಬೇರೆಯೇ ಇದೆ: ಇಂಥವರು ಬಯಸುವುದು ತೀವ್ರವಾದ ಅನುಭವವನ್ನು, ಅಪಾಯವೆಂಬುದು ಅದಕ್ಕಾಗಿ ಅವರು ತೆರಲು ಒಪ್ಪುವ ಬೆಲೆ.

ಹಾಗಿದ್ದರೆ ಹಗ್ಗ ಕಟ್ಟಿಕೊಂಡಾಗ ನಿಮ್ಮ ಸಂತೋಷದಲ್ಲಿ ಏನು ಕಡಿಮೆಯಾಗುತ್ತದೆ? ಬಂಡೆಯ ಒರಟು, ಬೆರಳ ತುದಿಯ ಏಕಾಗ್ರತೆ, ಮೇಲೆ ನಿಂತಾಗಿನ ಗಾಳಿ, ಎಲ್ಲವೂ ಹಾಗೆಯೇ ಉಳಿಯುತ್ತವೆ ಎಂದಾದರೆ ನೀವು ಅನಗತ್ಯವಾಗಿ ಹೆಚ್ಚಿನ ಬೆಲೆ ತೆರುತ್ತಿದ್ದೀರಿ. ಏನೋ ಕಳೆದುಹೋಯಿತೆನಿಸಿದರೆ, ಆ ‘ಏನೋ’ ಯಾವುದೆಂದು ಪ್ರಾಮಾಣಿಕವಾಗಿ ಹುಡುಕಿ. ಹಗ್ಗವಿಲ್ಲದೆ ಹತ್ತಿದ ಪ್ರತಿಯೊಂದು ದಿನವನ್ನೂ ನೆನಪಿಸಿಕೊಂಡು, ಹಿಂದಿನ ಸಂಜೆ ಏನಾಗಿತ್ತು, ನಿದ್ರೆ ಬಂದಿತ್ತೇ, ಮನೆಯಲ್ಲೋ ಕಚೇರಿಯಲ್ಲೋ ಮಾತು ಬೆಳೆದಿತ್ತೇ ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ವಾರ ಮೊದಲೇ ಯೋಜಿಸಿದ ಸಾಹಸಕ್ಕೂ, ಸಿಟ್ಟಿನಲ್ಲಿ ಬೈಕಿನ ಕೀಲಿ ಎತ್ತಿಕೊಂಡು ಹೊರಟ ಸಾಹಸಕ್ಕೂ ಬಹಳ ಅಂತರವಿದೆ. ಎರಡನೆಯದು ದುಡುಕು, ಮತ್ತು ನನ್ನ ಆತಂಕವಿರುವುದು ಅದರ ಬಗ್ಗೆಯೇ.

‘ಬಿದ್ದರೆ ಬೀಳಲಿ’ ಎಂಬ ಭಾವ ಒಮ್ಮೆಯಾದರೂ ಸುಳಿದಿದ್ದರೆ ತಡಮಾಡದೆ ನಿಮ್ಹಾನ್ಸ್‌ಗೆ ಹೋಗಿ, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು.

ನಿಮ್ಮ ಪತ್ನಿಯ ಮಾತನ್ನು ಆರೋಪವೆಂದು ಕೇಳಬೇಡಿ. ಹಸುಗೂಸನ್ನು ಎತ್ತಿಕೊಂಡು ಫೋನಿಗಾಗಿ ಕಾಯುವವರ ಭಯ ಅದು. ಬರೆದಿಟ್ಟ ಪುಸ್ತಕವನ್ನು ಅವರಿಗೆ ಓದಲು ಕೊಡಿ. ವೈದ್ಯರು ಒಪ್ಪಿದ ಮೇಲೆ ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯಲ್ಲಿ, ಹಗ್ಗ ಹಿಡಿಯುವ ಜೊತೆಗಾರರಿದ್ದಾಗ ಮಾತ್ರ, ಮತ್ತೆ ಶುರುಮಾಡಿ. ಮೊದಲ ದಿನ ಪತ್ನಿಯನ್ನೂ ಮಗುವನ್ನೂ ಕರೆದೊಯ್ಯಿರಿ.