ಹೊಸಕೋಟೆ ಯಾವ ಜಿಲ್ಲೆ, ಯಾವ ಕ್ಷೇತ್ರ?

ಪ್ರಶ್ನೆ: ನಮ್ಮದು ಹೊಸಕೋಟೆ ತಾಲ್ಲೂಕು. ಪಹಣಿಯಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಎಂದಿದೆ, ಲೋಕಸಭೆಗೆ ಮತ ಹಾಕುವುದು ಮಾತ್ರ ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿ. ಹಾಗಿದ್ದರೆ ಬೆಂಗಳೂರು ಗ್ರಾಮಾಂತರ ಕ್ಷೇತ್ರ ಯಾರದು? ಖಾತೆ ಬದಲಾವಣೆಯ ಆದೇಶದ ವಿರುದ್ಧ ಮೇಲ್ಮನವಿಯನ್ನು ಎಲ್ಲಿ ಸಲ್ಲಿಸಬೇಕು?
— ಹೊಸಕೋಟೆಯ ಓದುಗರೊಬ್ಬರು

ಉತ್ತರ: ಈ ಗೊಂದಲ ತಮ್ಮೊಬ್ಬರದಲ್ಲ, ಇದರ ಮೂಲ ಜಿಲ್ಲೆಯ ಹುಟ್ಟಿನಲ್ಲೇ ಇದೆ. ಹಳೆಯ ಬೆಂಗಳೂರು ಜಿಲ್ಲೆಯನ್ನು 1986ರ ಆಗಸ್ಟ್ 15ರಂದು ನಗರ ಮತ್ತು ಗ್ರಾಮಾಂತರ ಎಂದು ವಿಭಜಿಸಿದಾಗ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಮಾಗಡಿ, ರಾಮನಗರ, ಚನ್ನಪಟ್ಟಣ ಮತ್ತು ಕನಕಪುರ ಎಂಬ ಎಂಟು ತಾಲ್ಲೂಕುಗಳು ಗ್ರಾಮಾಂತರದ ಪಾಲಿಗೆ ಬಂದವು. 2007ರಲ್ಲಿ ಕೊನೆಯ ನಾಲ್ಕನ್ನು ಬೇರ್ಪಡಿಸಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು.

ಲೋಕಸಭಾ ಕ್ಷೇತ್ರಗಳ ಪುನರ್ವಿಂಗಡಣೆಯಾದರೋ 2004ರ ಫೆಬ್ರುವರಿ 15ರಂದು ಇದ್ದ ಆಡಳಿತ ಗಡಿಗಳನ್ನು ಆಧಾರವಾಗಿಟ್ಟುಕೊಂಡು ನಡೆದದ್ದು. ಆ ದಿನ ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣಗಳೆಲ್ಲ ಇನ್ನೂ ಗ್ರಾಮಾಂತರ ಜಿಲ್ಲೆಯಲ್ಲೇ ಇದ್ದುದರಿಂದ, ಹಳೆಯ ಕನಕಪುರ ಕ್ಷೇತ್ರ ಹೋಗಿ ಅವುಗಳನ್ನೊಳಗೊಂಡ ಹೊಸ ಕ್ಷೇತ್ರ ಬಂದಾಗ ಅದಕ್ಕೆ ಬೆಂಗಳೂರು ಗ್ರಾಮಾಂತರ ಎಂಬ ಹೆಸರಾಯಿತು. ಜಿಲ್ಲೆಯಲ್ಲಿ ಉಳಿದ ನಾಲ್ಕೂ ತಾಲ್ಲೂಕುಗಳು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ ಸೇರಿದವು. ಇಂದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ತಾಲ್ಲೂಕೂ ಇಲ್ಲ.

ಇನ್ನು ಮೇಲ್ಮನವಿಯ ವಿಷಯ. ಖಾತೆ ಬದಲಾವಣೆಯ ಆದೇಶದ ಮೇಲೆ ತಾವು ಹೋಗಬೇಕಾದುದು ದೊಡ್ಡಬಳ್ಳಾಪುರ ಉಪವಿಭಾಗಾಧಿಕಾರಿಯವರ ಬಳಿಗೆ, ಅಲ್ಲಿಂದ ಮುಂದೆ ಜಿಲ್ಲಾಧಿಕಾರಿಯವರ ಬಳಿಗೆ. ಸುಮಾರು ಮೂರು ದಶಕಗಳ ಕಾಲ ಜಿಲ್ಲಾಧಿಕಾರಿ ಕಚೇರಿ ಬೆಂಗಳೂರು ನಗರದೊಳಗೇ ಇತ್ತು. ಒಂದು ಪಹಣಿ ತಿದ್ದುಪಡಿಗಾಗಿ ರೈತರು ಕಡತದ ಚೀಲ ಹಿಡಿದು ತಮ್ಮ ಜಿಲ್ಲೆಯನ್ನೇ ದಾಟಿ ಹೋಗಬೇಕಿದ್ದ ಆ ವ್ಯವಸ್ಥೆ ಅಷ್ಟು ವರ್ಷ ನಡೆದುಬಂದದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಈಗ ಜಿಲ್ಲಾಡಳಿತ ಭವನ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿದೆ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮಾರ್ಗವಾಗಿ ಹೊಸಕೋಟೆಗೆ ಬರುವ ಹೆದ್ದಾರಿ ನಾಲ್ಕೂ ತಾಲ್ಲೂಕುಗಳನ್ನು ಪೋಣಿಸುತ್ತದೆಯಾದ್ದರಿಂದ, ತಾವು ನಗರಕ್ಕೆ ಕಾಲಿಡದೆ ಎರಡೂ ಕಚೇರಿಗಳನ್ನು ತಲುಪಬಹುದು.

2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟವು ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿದೆ. ಅದೇ ಹೆಸರಿನ ತಾಲ್ಲೂಕು ನಗರ ಜಿಲ್ಲೆಯಲ್ಲಿದೆ, ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ನಗರ ಪಾಲಿಕೆಯೂ ಇವೆ. ಮೇಲಾಗಿ ಹೊಸಕೋಟೆ ಇರುವುದು ಬೆಂಗಳೂರಿನ ಪೂರ್ವಕ್ಕೆ. ಆದಕಾರಣ ಅರ್ಜಿಯಲ್ಲಿ ಜಿಲ್ಲೆಯ ಹೆಸರೊಂದನ್ನೇ ನೆಚ್ಚದೆ ತಾಲ್ಲೂಕು, ಹೋಬಳಿ, ಗ್ರಾಮ ಹಾಗೂ ಸರ್ವೆ ನಂಬರನ್ನು ತಪ್ಪದೆ ನಮೂದಿಸಿ, ಸಲ್ಲಿಸಿದ ದಿನವೇ ಸ್ವೀಕೃತಿ ಪಡೆದುಕೊಳ್ಳಿ.